ಹನ್ನಮ್ಮ ಓದಿದ ಕಲ್ಲು

"ಬಣ್ಣ ತುಂಬೋಕ್ ಮುಂಚೆ ಒಂದ್ಸಲ ಬೆರಳಿಟ್ಟು ಓದಿಬಿಡ್ರಿ ಅಮ್ಮ. ಆಮ್ಯಾಲೆ ನನ್ ಕೈಯಾಗಿಲ್ಲ," ಎಂದು ಹಯಾತ್ ಸಾಬ್ ಕಲ್ಲಿನ ಪುಡಿ ಒರೆಸಿದರು. ಹರಿಹರದ ಅವರ ಅಂಗಡಿಯಲ್ಲಿ ಗೋರಿಕಲ್ಲಾಗಲಿ, ಶಾಲೆಯ ಕಲ್ಲಾಗಲಿ, ಕೆತ್ತಿಸಿದವರು ಬೆರಳಾಡಿಸಿ ಓದದೆ ಅಕ್ಷರಕ್ಕೆ ಕಪ್ಪು ಬೀಳುತ್ತಿರಲಿಲ್ಲ.

ಹನ್ನಮ್ಮ ಬಗ್ಗಿದರು. ಎಂಬತ್ತೆಂಟರ ಬೆರಳು ಎರಡನೆಯ ಸಾಲಿನಲ್ಲಿ ನಿಂತುಬಿಟ್ಟಿತು.

"'ಯುದ್ಧಕಾಲದಲ್ಲಿ ತೀರಿಕೊಂಡ ಮಕ್ಕಳ ನೆನಪಿಗೆ.' ಯಾರು ಬರೆದ್ರು ಇದನ್ನ? ನಾನು ಬರ್ಕೊಟ್ಟಿದ್ದು 'ಯಹೂದಿಗಳೆಂದು ನಾಜಿಗಳು ಕೊಂದ ಮಕ್ಕಳ ನೆನಪಿಗೆ' ಅಂತ."

ದಾವಣಗೆರೆಯಿಂದ ಅವರನ್ನು ಕಾರಿನಲ್ಲಿ ಕರೆತಂದಿದ್ದ ಶಾಲಾ ಸಮಿತಿಯ ಶಿವಯೋಗಪ್ಪ ನಕ್ಕರು. "ನಾನೇ ತಿದ್ದಿಸಿದೆ ಅಮ್ಮ. ಮಕ್ಳು ಓಡಾಡೋ ಅಂಗಳ, ಕೊಂದ್ರು ಗಿಂದ್ರು ಯಾಕ? ಸತ್ತೋರ ಬಗ್ಗೆ ಮೆತ್ತಗೆ ಬರೀಬೇಕು. ನಮ್ಮಪ್ಪಗೂ ಲಿಂಗೈಕ್ಯ ಅಂತಾನೆ ಹಾಕ್ಸಿದ್ವಿ."

ಯುರೋಪಿನ ಸಾವಿನ ಶಿಬಿರದಿಂದ ಉಳಿದು ಬಂದ ಹನ್ನಾ, ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ನರ್ಸಾಗಿ ಹನ್ನಮ್ಮನಾಗಿ ಅರವತ್ತು ವರ್ಷವಾಗಿತ್ತು. ಮೂವತ್ತು ವರ್ಷದಿಂದ ಪ್ರತಿ ಜನವರಿ ಆ ಶಾಲೆಯ ಅಂಗಳದಲ್ಲಿ ನಿಂತು, ಕಂಡದ್ದನ್ನು ಕಂಡಂತೆ ಮಕ್ಕಳಿಗೆ ಹೇಳಿದ್ದರು. ಈಗ ದನಿ ಸೋತಿತ್ತು. ಅದಕ್ಕೇ ಅಂಗಳದಲ್ಲಿ ನಿಲ್ಲಿಸಲು ಈ ಕಲ್ಲು.

"ನಿಮ್ಮಪ್ಪ ತೊಂಬತ್ತು ವರ್ಷ ಬಾಳಿ, ಹಾಸಿಗೆ ಮ್ಯಾಲೆ ಹೋದ್ರು. ಬಾಯಿಗೆ ನೀರು ಬಿಟ್ಟಾಕಿ ನಾನೇ. ನನ್ನ ತಂಗಿಗೆ ನಾಲ್ಕು ವರ್ಷ, ಶಿವಯೋಗಪ್ಪ. ಲಾರಿಗೆ ಎತ್ತಿ ಒಗೆದ್ರು. ಆಕಿ ತೀರ್ಕೊಳ್ಳಲಿಲ್ಲ, ಆಕಿನ್ನ ಕೊಂದ್ರು." ಹನ್ನಮ್ಮ ಕಲ್ಲನ್ನು ತಟ್ಟಿದರು. "ಸಣ್ಣವನಿದ್ದಾಗ ನಿನಗೆ ಸೂಜಿ ಚುಚ್ಚೋವಾಗ, ನೋವಾಗಲ್ಲ ಅಂತ ನಾನು ಯಾವತ್ತಾರ ಸುಳ್ಳು ಹೇಳಿದ್ನಾ?"

"ಇಲ್ಲಮ್ಮ, ಆದ್ರೆ..."

"ನಾ ಹೋದ ಮ್ಯಾಲೆ ಮಾತಾಡೋದು ಇದು. ಇದರ ಬಾಯಾಗ ಸುಳ್ಳು ಇಡ್ತೀಯಾ?"

"ನಾಳಿದ್ದು ಉದ್ಘಾಟನೆ. ಕಾರ್ಡು ಹಂಚಿ ಆಗೈತೆ. ಕಲ್ಲಿನಾಗ ಅಳಿಸೋಕ್ ಬರ್ತದಾ?" ಶಿವಯೋಗಪ್ಪ ಹಯಾತ್ ಸಾಬರತ್ತ ತಿರುಗಿದರು.

"ಅಳಿಸೋಕ್ ಬರಲ್ರಿ ಸಾಹುಕಾರ್ರೆ." ಹಯಾತ್ ಸಾಬ್ ಬಣ್ಣದ ಡಬ್ಬಿಗೆ ಮುಚ್ಚಳ ಒತ್ತಿದರು. ಹಾರೆ ತೂರಿಸಿ, ಉಸಿರು ಬಿಗಿಹಿಡಿದು, ಕಲ್ಲನ್ನು ಮಗುಚಿ ಹಾಕಿದರು. "ಹಿಂದೊಂದು ಮೈ ಐತೆ. ಬರ್ಕೊಟ್ಟ ಚೀಟಿ ಕೊಡ್ರಿ ಅಮ್ಮ. ತಂಗಿ ಹೆಸರೇನು?"

"ಮಿರಿಯಮ್."

"ನಮ್ ಮೊಮ್ಮಗಳ ಹೆಸರೂ ಮರಿಯಮ್ ಅಂತಾನೇ. ಆಕಿಗೂ ನಾಲ್ಕೇ ರೀ."

ಶಿವಯೋಗಪ್ಪ ಕಾರಿನ ಕೀಲಿ ಆಡಿಸುತ್ತ ನಿಂತಿದ್ದರು. "ಹೊತ್ತಾಗ್ತದಮ್ಮ, ಹೋಗಾಣ."

"ನೀನು ಹೋಗು. ನಾ ಓದಿ, ಬಸ್ಸಿಗೆ ಬರ್ತೀನಿ."

ಹನ್ನಮ್ಮ ಸ್ಟೂಲನ್ನು ಕಲ್ಲಿನ ಪಕ್ಕಕ್ಕೇ ಎಳೆದುಕೊಂಡರು. ಉಳಿ ಬಿದ್ದಾಗಲೆಲ್ಲ ಬಿಳಿ ಪುಡಿ ಹಾರಿ ಸೀರೆಯ ನೆರಿಗೆಗಳಲ್ಲಿ ಕೂರುತ್ತಿತ್ತು. ಅವರು ಅದನ್ನು ಕೊಡವಲಿಲ್ಲ.