ಬೆವರಿದ ಗ್ಲೌಸು

"ಏ ಮುದುಕಿ, ಫೋಟೋದವ್ನು ಬಂದಾಗ ಕೈ ಕೆಳಗಿಡೇ! ಆ ಕೊಳೆತ ಬೆರಳು ಫೋಟೋದಲ್ಲಿ ಬಂದ್ರೆ ನೋಡ್ದೋರು ಮೂರು ದಿನ ಅನ್ನ ಬಿಡ್ತಾರೆ."

ಮೇಸ್ತ್ರಿ ಹೀಗೆ ಬಯ್ಯುವಾಗ ಅತ್ತೆ ಹೆರಿಗೆ ವಾರ್ಡಿನ ಗಂಟು ಬಿಚ್ಚುತ್ತಿದ್ದಳು. ದೊಡ್ಡಾಸ್ಪತ್ರೆಯ ಹಿಂಬದಿ, ಹೆಣದ ಕೋಣೆಯ ಗೋಡೆಗಂಟಿಕೊಂಡು ಬಟ್ಟೆ ಒಗೆಯುವ ಮನೆ. ಅಲ್ಲಿ ಎಂಟು ಹೆಂಗಸರು. ಉಳಿದ ಏಳೂ ಜನಕ್ಕೆ ಅವಳು ಅತ್ತೆಯೇ, ಆದರೆ ನಿಜವಾದ ಸೊಸೆ ಒಬ್ಬಳೇ. ಐದು ತಿಂಗಳ ಬಸುರಿ. ಪಕ್ಕದ ರಾಶಿಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಳು.

ರಕ್ತದ ಶೀಟು ಒಂದು ಕಡೆ, ಕೀವಿನದು ಒಂದು ಕಡೆ, ಹೇಲಿನದು ಇನ್ನೊಂದು ಕಡೆ. ಮಡಿಕೆಯೊಳಗೆ ಏನಿದೆಯೋ ಬರಿಗೈಯಲ್ಲಿ ತಡವಿ ನೋಡಬೇಕು. ಸೂಜಿಯೋ ಕತ್ತರಿಯೋ ಒಳಗೆ ಹೋದರೆ ಮೆಷಿನ್ನು ಕೆಡುತ್ತದೆ. ಮೆಷಿನ್ನು ಕೆಟ್ಟರೆ ಮೇಸ್ತ್ರಿಗೆ ಉಗಿಯುತ್ತಾರೆ. ಕೈ ಕೆಟ್ಟರೆ ಯಾರಿಗೂ ಉಗಿಯುವುದಿಲ್ಲ.

ಹೋದ ವರ್ಷ ಅತ್ತೆಯ ತಂಗಿಗೆ ಹೀಗೆ ತಡವುವಾಗಲೇ ಸೂಜಿ ಚುಚ್ಚಿದ್ದು. ಕಣ್ಣು ಹಳದಿಯಾಯಿತು, ಹೊಟ್ಟೆ ಉಬ್ಬಿತು, ಗೋಡೆಯಾಚೆಯ ಕೋಣೆ ಸೇರಿದಳು. ಅವಳ ಮೇಲೆ ಹೊದಿಸಿದ್ದ ಶೀಟು ಮಾರನೆಯ ದಿನದ ಗಂಟಿನಲ್ಲಿ ಬಂತು. ಅತ್ತೆಯೇ ಒಗೆದಳು. ಇನ್ಯಾರು ಒಗೆಯುತ್ತಾರೆ?

ಹೊಸ ಸರ್ಕಾರ ಬಂದ ದಿನವೇ ಮಾತು ಕೊಟ್ಟಿತ್ತು: ನೂರು ದಿನದೊಳಗೆ ಹೊಲಸು ಮುಟ್ಟುವ ಪ್ರತಿ ಕೈಗೂ ಗ್ಲೌಸು. ಇವತ್ತಿಗೆ ತೊಂಬತ್ತೆಂಟು. ಗೇಟಿನ ಮೇಲೆ ಆಗಲೇ ಬ್ಯಾನರು ಹತ್ತಿತ್ತು: ‘ಆಡಿದೆವು, ಮಾಡಿದೆವು.’

"ನಿಜವಾಗ್ಲೂ ಕೊಡ್ತಾರಾ ಅತ್ತೆ?"

"ಸರ್ಕಾರದ ಮಾತೂ ಬಸುರಿ ಬಯಕೇನೂ ಒಂದೇ ಕಣೇ. ಕೇಳೋಕೆ ಎಲ್ರೂ ಬರ್ತಾರೆ, ತೀರ್ಸೋಕೆ ಒಬ್ಬನೂ ಇರಲ್ಲ."

ಆದರೆ ಹನ್ನೊಂದು ಗಂಟೆಗೆ ವ್ಯಾನು ಬಂದೇ ಬಂತು. ಸಾಹೇಬರು, ಅವರ ಗುಮಾಸ್ತ, ಒಬ್ಬ ಫೋಟೋದವನು ಇಳಿದರು, ಡ್ರೈವರು ಒಳಗೇ ಕೂತ. ಸಾಹೇಬರು ಹೊಸ್ತಿಲು ದಾಟಲಿಲ್ಲ. ಕರ್ಚೀಫಿನಲ್ಲಿ ಮೂಗು ಮುಚ್ಚಿಕೊಂಡು, "ಇವರು ಇದರಲ್ಲೇ ಉಸಿರಾಡ್ತಾರೇನ್ರೀ?" ಎಂದರು.

"ಅಭ್ಯಾಸ ಸಾರ್. ಹಂದಿಗೆ ಕೊಚ್ಚೆ ವಾಸ್ನೆ ಗೊತ್ತಾಗುತ್ತಾ?" ಮೇಸ್ತ್ರಿ ಹಲ್ಲು ಗಿಂಜಿದ.

ಮೊದಲು ಹೆಬ್ಬೆಟ್ಟು. ಗ್ಲೌಸು ತಲುಪಿದೆ, ಇನ್ನು ಬರಿಗೈಯಲ್ಲಿ ಕೆಲಸ ಮಾಡುವುದಿಲ್ಲ ಎಂದು ಗುಮಾಸ್ತ ಬರೆದು ತಂದಿದ್ದ. ಎಂಟೂ ಜನ ಒತ್ತಿದರು. ಆಮೇಲೆ ಡಬ್ಬಿ ತೆರೆದ. ಮೊಣಕೈವರೆಗೆ ಬರುವ ದಪ್ಪ ಹಳದಿ ರಬ್ಬರು. ಸೊಸೆ ತೊಟ್ಟು ಬೆರಳು ಆಡಿಸಿದಳು.

"ಡಾಕ್ಟ್ರಮ್ಮನ ಥರ ಕಾಣ್ತೀನೇನ್ರೇ?"

"ಹ್ಞೂಂ ಕಣಮ್ಮ, ಬಾತುಕೋಳಿ ಡಾಕ್ಟ್ರಮ್ಮ!"

ಎಲ್ಲರೂ ನಕ್ಕರು. ಅತ್ತೆಗೆ ನಗು ಬರಲಿಲ್ಲ. ಅವಳು ತೊಟ್ಟ ಗ್ಲೌಸಿನ ಒಳಗೆ ಒದ್ದೆಯಿತ್ತು. ಬೆಚ್ಚಗಿನ ಒದ್ದೆ, ಯಾರದೋ ಬೆವರು, ಯಾರೋ ಹಚ್ಚಿಕೊಂಡ ಮುಲಾಮಿನ ನಾತ. ಕಿರುಬೆರಳಿಗೆ ಏನೋ ಅಡ್ಡ ಬಂತು. ತೆಗೆದು ಕೊಡವಿದಳು. ರಕ್ತ ಒಣಗಿದ ಪಟ್ಟಿಯ ಸುರುಳಿಯೊಂದು ನೆಲಕ್ಕೆ ಬಿತ್ತು. ಅದನ್ನು ಸುತ್ತಿದ್ದ ಬೆರಳಿನ ಆಕಾರ ಇನ್ನೂ ಹಾಗೇ ಇತ್ತು.

"ಇದು ಯಾರ ಬೆರಳಿಂದು ಸ್ವಾಮಿ?"

"ನಿಂಗ್ಯಾಕೆ ಊರ ಉಸಾಬರಿ? ಹಾಕ್ಕೊಂಡು ನಗು," ಎಂದ ಗುಮಾಸ್ತ.

ಹಾಕಿಕೊಂಡಳು. ಫೋಟೋ ತೆಗೆದದ್ದಾಯಿತು.

"ಸರಿ, ಬಿಚ್ಚಿ ಡಬ್ಬಿಗೆ ಹಾಕಿ. ಬೇಗ ಬೇಗ. ಎರಡು ಗಂಟೆಗೆ ಇನ್ನೊಂದು ಆಸ್ಪತ್ರೆ ಇದೆ."

ಯಾರೂ ಅಲುಗಲಿಲ್ಲ. ಸೊಸೆ ಮೆಲ್ಲಗೆ, "ನಮಗೇ ಅಂದ್ರಲ್ಲಾ?" ಎಂದಳು.

ಸಾಹೇಬರಿಗೆ ಕನಿಕರ ಬಂತು. "ನೋಡಮ್ಮ, ನೂರು ದಿನದೊಳಗೆ ಎಲ್ಲಾ ಕಡೆ ತಲುಪಿಸ್ಬೇಕು. ಇರೋದು ಎಂಟೇ ಜೊತೆ. ಬೆಳಿಗ್ಗೆ ಹೋಗಿದ್ದ ಆಸ್ಪತ್ರೆಯ ಹೆಂಗಸರು ತಕರಾರಿಲ್ದೆ ಬಿಚ್ಚಿ ಕೊಟ್ರಪ್ಪ. ನೀವೂ ಸಹಕರಿಸಿ. ನಿಮ್ಮದು ಆಮೇಲೆ ಬರುತ್ತೆ."

"ಇವಕ್ಕೆ ಬಾಯಲ್ಲಿ ಹೇಳಿದ್ರೆ ಆಗಲ್ಲ ಸಾರ್," ಎಂದು ಮೇಸ್ತ್ರಿ ಸೊಸೆಯ ರಟ್ಟೆ ಹಿಡಿದು ಗ್ಲೌಸು ಎಳೆದ. ಅವಳು ಮುಗ್ಗರಿಸಿ ಹೊಟ್ಟೆಗೆ ಕೈ ಅಡ್ಡ ಕೊಟ್ಟಳು.

"ಬಸುರಿ ಮೈ ಮೇಲೆ ಕೈ ಹಾಕ್ತೀಯೇನೋ ಬೋಳಿಮಗನೆ! ಬಿಡೋ!"

ಅತ್ತೆಯ ಕೂಗಿಗೆ ಅವನ ಹಿಡಿತ ತಾನಾಗಿ ಸಡಿಲಿತು. ಅವಳು ಅವನತ್ತ ಹೋಗಲಿಲ್ಲ. ಆಪರೇಷನ್ ಕೋಣೆಯಿಂದ ಆಗಷ್ಟೇ ಬಂದ ಬಟ್ಟೆಗಾಡಿಯತ್ತ ಹೋದಳು. ಗಂಟು ಬಿಚ್ಚಿ, ಎರಡೂ ಕೈಯನ್ನು ಮೊಣಕೈತನಕ ಅದರೊಳಗೆ ತುರುಕಿ, ಮುದ್ದೆ ನಾದುವಂತೆ ನಾದಿದಳು. ಹಳದಿ ಹೋಗಿ ಕೆಂಪಾಯಿತು.

"ಬನ್ರೇ," ಎಂದಳು.

ಮೊದಲು ಸೊಸೆ ಹೋದಳು. ಆಮೇಲೆ ಉಳಿದ ಆರೂ ಜನ.

ಅತ್ತೆ ತೊಟ್ಟಿಕ್ಕುವ ಕೈಗಳನ್ನು ಮುಂದಕ್ಕೆ ಚಾಚಿಕೊಂಡು ಬಾಗಿಲಿಗೆ ಬಂದಳು. "ತಗೊಳ್ಳಿ ಸ್ವಾಮಿ. ಎರಡು ಗಂಟೆಗೆ ಹೊತ್ತಾಗುತ್ತೆ. ಬಿಚ್ಕೊಳ್ಳಿ."

"ತಗೊಳ್ರೀ!" ಸಾಹೇಬರು ಗುಮಾಸ್ತನಿಗೆ ಹೇಳಿದರು.

"ನೀನು ತಗೊಳ್ಳೋ!" ಗುಮಾಸ್ತ ಮೇಸ್ತ್ರಿಗೆ ಹೇಳಿದ.

"ನಂಗೆ ಮನೇಲಿ ಮಕ್ಕಳಿದಾವೆ ಸಾರ್," ಎಂದ ಮೇಸ್ತ್ರಿ.

ಅತ್ತೆ ಒಂದು ಹೆಜ್ಜೆ ಮುಂದಿಟ್ಟಳು. ನಾಲ್ವರೂ ಒಂದು ಹೆಜ್ಜೆ ಹಿಂದಿಟ್ಟರು. ಹೀಗೇ ಅಂಗಳ ದಾಟಿದ್ದಾಯಿತು. ಸಾಹೇಬರು ತಿರುಗಿ ವ್ಯಾನಿನತ್ತ ಓಡುವಷ್ಟರಲ್ಲಿ ಹೆಂಗಸರು ಬಳಸಿಕೊಂಡು ಹೋಗಿ ಮುಟ್ಟಿಯಾಗಿತ್ತು. ಒಂದೊಂದು ಬಾಗಿಲಿಗೆ ಇಬ್ಬರಿಬ್ಬರು ನಿಂತು, ಹಿಡಿಗೆ, ಗಾಜಿಗೆ, ಬಾಗಿಲ ಅಂಚಿಗೆ ಕೈ ಒರೆಸಿದರು. ಪಾತ್ರೆ ತಿಕ್ಕುವಷ್ಟೇ ನಿಧಾನವಾಗಿ, ಒಂದಿಂಚೂ ಬಿಡದೆ.

"ಕೆಲಸದಿಂದ ಕಿತ್ತು ಹಾಕ್ತೀನಿ! ಜೈಲಿಗೆ ಹಾಕಿಸ್ತೀನಿ!" ಸಾಹೇಬರು ಕಿರುಚಿದರು.

"ಹಾಕ್ಸಿ ಸ್ವಾಮಿ. ಮೊದ್ಲು ಗಾಡಿ ಹತ್ತಿ."

ಅತ್ತೆ ಸೊಸೆಯನ್ನು ಮುಂದಿಟ್ಟುಕೊಂಡು ಒಳಗೆ ಹೋದಳು. ಹೆಂಗಸರು ಗ್ಲೌಸು ತೊಟ್ಟೇ ರಾಶಿಯ ಮುಂದೆ ಕೂತರು.

ಹೊರಗೆ ಬಿಸಿಲು. ವ್ಯಾನಿನ ಹಿಡಿಗಳಿಂದ ಕೆಂಪು ನೀರು ಎಳೆ ಎಳೆಯಾಗಿ ಇಳಿಯುತ್ತಿತ್ತು, ನೊಣ ಮುತ್ತುತ್ತಿದ್ದವು.

"ಬಾಗಿಲು ತೆಗೀರೋ ಯಾರಾದ್ರೂ!" ಸಾಹೇಬರು ಕೂಗಿದರು.

ಮೂವರೂ ನೆಲ ನೋಡಿದರು. ಡ್ರೈವರು ಗಾಜು ಏರಿಸಿ, ಒಳಗಿನಿಂದ ಚಿಲಕ ಒತ್ತಿ, ಕಿವುಡನಂತೆ ನೇರ ರಸ್ತೆ ನೋಡುತ್ತಾ ಕೂತಿದ್ದ.