ಬಾಯಲ್ಲಿ ಗುಂಡುಸೂಜಿ

ನಮ್ಮ ಹೊಲಿಗೆ ಅಂಗಡಿಯಲ್ಲಿ ಅಳತೆ ತೆಗೆಯುವುದು ನಾನು, ಕತ್ತರಿ ಹಿಡಿಯುವುದು ಅತ್ತೆ. ಸಂಜೆ ಕಾಲೇಜಿಗೆ ಸೇರಿ ಸಮಾಜಶಾಸ್ತ್ರ ಓದುತ್ತೇನೆ ಎಂದಾಗ ಅತ್ತೆ ಬೇಡ ಎನ್ನಲಿಲ್ಲ. ಸಾಮಾಜಿಕ ಬದಲಾವಣೆಯ ಪಾಠಪುಸ್ತಕವನ್ನು ತಿರುವಿ ನೋಡಿ, "ಇದಕ್ಕೆ ಕಾಲೇಜು ಯಾಕೆ ತಾಯಿ? ಕಿಟಕಿ ತೆಗೆದ್ರೆ ಕಾಣತ್ತೆ," ಎಂದರು ಅಷ್ಟೇ. ಆದರೆ ಒಂದು ಕರಾರು ಹಾಕಿದರು. ಒಂದೇ ಸಲಕ್ಕೆ ಪಾಸಾಗಬೇಕು, ಫೇಲಾದರೆ ನನ್ನ ಸಂಜೆಗಳು ಮತ್ತೆ ಅಂಗಡಿಗೆ.

ಹಾಗಾಗಿ ಕೊನೆಯ ಮೌಖಿಕ ಪರೀಕ್ಷೆಯ ದಿನ ಕಾಲೇಜಿನ ಬೆಂಚಿನ ಮೇಲೆ ವರದಿ ಹಿಡಿದು ಕೂತಿದ್ದೆ. ಹೆಂಗಸರು ಉಡುಪಿಗೆ ಜೇಬು ಇಡಿಸಿಕೊಳ್ಳತೊಡಗಿದ್ದು ಏಕೆ ಎಂಬುದು ನನ್ನ ಅಧ್ಯಯನದ ವಿಷಯ. ಉಳಿದವರು ವಲಸೆ, ಕಾರ್ಖಾನೆ, ಮತದಾನ ಎಂದೆಲ್ಲ ಬರೆದಿದ್ದರು. ಅವರ ಮುಂದೆ ಜೇಬು ಎನ್ನಲೂ ಸಂಕೋಚ.

ಅದಕ್ಕಿಂತ ದೊಡ್ಡ ಭಯ ಬೇರೊಂದಿತ್ತು. ಮೇಷ್ಟ್ರು ಹೇಳಿಕೊಟ್ಟಂತೆ ಪ್ರಶ್ನಾವಳಿ ಬರೆದು ಬಾಯಿಪಾಠ ಮಾಡಿದ್ದೆ. ಆದರೆ ಗಿರಾಕಿಗಳು ನನಗೆ ಪುರುಸೊತ್ತಿನಲ್ಲಿ ಸಿಗುವುದು ಉಡುಪಿನ ಅಂಚು ಮಡಚಿ ಗುರುತು ಮಾಡುವಾಗ. ಆಗ ನನ್ನ ತುಟಿಗಳ ನಡುವೆ ಗುಂಡುಸೂಜಿಗಳ ಸಾಲು. ಕೈಗೆ ಬೇಗ ಸಿಗಲೆಂದು ಅತ್ತೆ ಕಲಿಸಿದ ಅಭ್ಯಾಸ. ಬಾಯಿ ಬಿಟ್ಟರೆ ಸೂಜಿ ನೆಲಕ್ಕೆ, ಇಲ್ಲವೇ ಹೊಟ್ಟೆಗೆ. ಹೀಗಾಗಿ ಯಾರನ್ನೂ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಮುಚ್ಚಿಡಲು ಮನಸ್ಸು ಒಪ್ಪದೆ ವರದಿಯಲ್ಲೇ ಅದನ್ನು ಬರೆದುಬಿಟ್ಟಿದ್ದೆ.

ಹೊರಗಿನಿಂದ ಬಂದಿದ್ದ ಪರೀಕ್ಷಕಿ ಕನ್ನಡಕ ಸರಿಮಾಡಿಕೊಂಡು ನೇರವಾಗಿ ಆ ಸಾಲಿಗೇ ಬಂದರು.

"ಪ್ರಶ್ನೆನೇ ಕೇಳಿಲ್ಲ ಅಂತ ಬರ್ದಿದ್ದೀರಿ. ಯಾಕೆ?"

"ಬಾಯಲ್ಲಿ ಗುಂಡುಸೂಜಿ ಇತ್ತು ಮೇಡಂ."

ಪಕ್ಕದಲ್ಲಿದ್ದ ನಮ್ಮ ಮೇಷ್ಟ್ರು ಕೆಮ್ಮಿದರು. ಮುಗಿಯಿತು ನನ್ನ ಕತೆ ಎಂದುಕೊಂಡೆ. ಪರೀಕ್ಷಕಿ ನಗಲಿಲ್ಲ. ಹಾಗಾದರೆ ವರದಿಯಲ್ಲಿರುವ ಈ ಗಿರಾಕಿಗಳೆಲ್ಲ ಇಷ್ಟೊಂದು ಹೇಳಿಕೊಂಡಿದ್ದು ಹೇಗೆ ಎಂದು ಕೇಳಿದರು.

ಅಂಗಡಿಯಲ್ಲಿ ಸ್ಟೂಲಿನ ಮೇಲೆ ನಿಂತವರು ಅಲುಗಾಡುವಂತಿಲ್ಲ, ಎದುರಿಗೆ ಕನ್ನಡಿ, ಕಾಲ ಬಳಿ ಮಾತಾಡದ ಒಬ್ಬಳು. ಎಷ್ಟು ಹೊತ್ತು ಸುಮ್ಮನಿದ್ದಾರು ಎಂದೆ. ಆಸ್ಪತ್ರೆಯ ನರ್ಸಮ್ಮ ತಾವಾಗಿಯೇ ಬೀಗದ ಕೈಯ ಸುದ್ದಿ ತೆಗೆದಿದ್ದರು. ಅವರ ತಾಯಿಯ ಕಾಲದಲ್ಲಿ ಮನೆಗೆ ಒಂದೇ ಬೀಗದ ಕೈ, ಅದೂ ಗಂಡಸರ ಹತ್ತಿರ. ಈಗ ಪಾಳಿ ಮುಗಿಸಿ ಬಂದು ಬಾಗಿಲು ತೆಗೆಯಲು ಅವರು ಯಾರನ್ನೂ ಕೂಗಬೇಕಿಲ್ಲ. ಆ ಬೀಗದ ಕೈಯನ್ನು ಇಟ್ಟುಕೊಳ್ಳಲು ಜೇಬು ಬೇಕಿತ್ತು. ಬಸ್ಸು ಓಡಿಸುವಾಕೆಯೂ ಅದನ್ನೇ ಹೇಳಿದ್ದಳು, ಶಾಲೆಯ ಆಯಾ ಕೂಡ. ನನ್ನ ಪ್ರಶ್ನಾವಳಿಯಲ್ಲಿ ಮೊಬೈಲು, ಫ್ಯಾಷನ್ನು ಎಲ್ಲ ಇತ್ತು. ಬೀಗದ ಕೈ ಇರಲೇ ಇಲ್ಲ.

"ಕೇಳಿದ್ದಿದ್ರೆ, ನಾನು ಮೊದಲೇ ಅಂದ್ಕೊಂಡಿದ್ದನ್ನೇ ಅವರ ಬಾಯಲ್ಲಿ ಹೇಳಿಸ್ತಿದ್ದೆ ಮೇಡಂ," ಎಂದೆ. ಹೇಳಿದ ಮೇಲೆ, ಇಷ್ಟು ಧೈರ್ಯ ನನಗೆ ಎಲ್ಲಿಂದ ಬಂತೆಂದು ಗಾಬರಿಯಾಯಿತು.

ಬಟ್ಟೆ ಹೊಲಿಸಿಕೊಳ್ಳಲು ಆಗದವರ ಬಗ್ಗೆ ಏನು ಗೊತ್ತು ಎಂದು ಅವರು ಮತ್ತೆ ಕೆದಕಿದರು. ಏನೂ ಗೊತ್ತಿಲ್ಲ, ನನ್ನ ಅಧ್ಯಯನ ಅಂಗಡಿಯ ಹೊಸ್ತಿಲಿಗೇ ಮುಗಿಯುತ್ತದೆ ಎಂದು ಒಪ್ಪಿಕೊಂಡೆ. ಅವರು ಪೆನ್ನಿನ ಕ್ಯಾಪು ಮುಚ್ಚಿದರು.

"ಮೊದಲನೇ ದರ್ಜೆ."

"ಯಾರು ಮೇಡಂ?"

ಈ ಸಲ ಇಬ್ಬರೂ ನಕ್ಕರು.

ಓಡುತ್ತಲೇ ಅಂಗಡಿಗೆ ಬಂದೆ. ಬಟ್ಟೆ ಕತ್ತರಿಸುವಾಗ ನಡುವೆ ನಿಲ್ಲಿಸಿದವರಲ್ಲ ಅತ್ತೆ. ಸುದ್ದಿ ಕೇಳಿ ಕತ್ತರಿಯನ್ನು ಅರ್ಧಕ್ಕೇ ಬಿಟ್ಟರು. ಕೋಟು ಒಯ್ಯಲು ಕಾದಿದ್ದ ಗಿರಾಕಿಗೆ, ಸೊಸೆ ಮೊದಲನೇ ದರ್ಜೆಯಲ್ಲಿ ಪಾಸಾಗಿದ್ದಾಳೆ, ಇವತ್ತು ಕೋಟು ಸಿಗುವುದಿಲ್ಲ, ನಾಳೆ ಬನ್ನಿ ಎಂದು ಹೇಳಿ ಕಳಿಸಿದರು. ಬಾಗಿಲು ಹಾಕಿ, ಗಿರಾಕಿಗಳ ಸ್ಟೂಲನ್ನು ಕನ್ನಡಿಯ ಮುಂದೆ ಎಳೆದರು.

"ಹತ್ತು ಮೇಲೆ. ಏನ್ ಕೇಳಿದ್ರು, ನೀನೇನ್ ಅಂದೆ, ಒಂದೂ ಬಿಡದೆ ಹೇಳು."

ಅತ್ತೆಗೆ ಹೇಳುವುದು ಸುಲಭವಲ್ಲ, ನಡುವೆ ಬಾಯಿ ಹಾಕದೆ ಇರುವವರಲ್ಲ ಅವರು. ಅದು ಅವರಿಗೂ ನೆನಪಾಯಿತೇನೋ, ಸೂಜಿದಿಂಬಿನಿಂದ ಗುಂಡುಸೂಜಿಗಳನ್ನು ಒಂದೊಂದಾಗಿ ಕಿತ್ತು ತುಟಿಗಳ ನಡುವೆ ಸಿಕ್ಕಿಸಿಕೊಂಡರು. ನಾನು ಸ್ಟೂಲು ಹತ್ತಿ, ಕನ್ನಡಿಯಲ್ಲಿ ನನ್ನನ್ನೇ ನೋಡುತ್ತ, ಮೊದಲಿನಿಂದ ಶುರುಮಾಡಿದೆ.