ಗಂಡನ ಮನೆಯ ಮಿಡತೆ

ಉಪ್ಪುನೀರು ಕುದಿಯುವ ಸದ್ದು, ಅಲ್ಲ, ಮುಚ್ಚಳದ ಕೆಳಗೆ ಮಿಡತೆಗಳು ಒಂದಕ್ಕೊಂದು ತಾಗುವ ಸದ್ದು, ಒಣ ಬೀಜ ಅಲುಗಿದ ಹಾಗೆ — ಈಜಿಪ್ಟಿನ ಕಡೆಯಿಂದ ನಿನ್ನೆ ಬಂದು ಆಲೂಗಡ್ಡೆ ಹೊಲದ ಮೇಲೆ ಇಳಿದವು, ಬೆಳಗಿನ ಚಳಿಗೆ ರೆಕ್ಕೆ ಮರಗಟ್ಟಿರುವಾಗಲೇ ರೂಮಿಯಾ ಅತ್ತೆ ದಿಂಬಿನ ಚೀಲದ ತುಂಬ ಬಾಚಿ ತಂದಿದ್ದಾರೆ, ನಾನು ಎದ್ದಿರಲಿಲ್ಲ, ಯೆಫೆತ್ ಇದ್ದಿದ್ದರೆ ಎಬ್ಬಿಸುತ್ತಿದ್ದ, ನಿದ್ದೆಯಲ್ಲಿ ಅವನ ಮಡಿಸಿದ ಮೊಣಕಾಲು ನನ್ನ ಮೊಣಕಾಲಿನ ಹಿಂದೆ ಸರಿಯಾಗಿ ಕೂರುತ್ತಿತ್ತು, ಈಗ ಅಲ್ಲಿ ಬರೀ ತಣ್ಣನೆಯ ಹಾಸಿಗೆ. ಹೋದ ಚಳಿಗಾಲ ಬಸ್ಸಿನಲ್ಲಿ ಕೂತಲ್ಲೇ ಅವನ ಹೃದಯ ನಿಂತಿತು, ನಮಗೆ ಮಕ್ಕಳಿಲ್ಲ, ಬೆಳಿಗ್ಗೆ ಜೆರುಸಲೇಮಿನಿಂದ ಅಪ್ಪ ಫೋನಿನಲ್ಲಿ ಹೇಳಿದ್ದೂ ಅದನ್ನೇ, ನಮ್ಮ ಗುರು ರಬ್ಬಿಯನ್ನ ಕೇಳಿದೆ ಹೆದ್ವಾ, ಗಂಡ ಹೋದ, ಮಗು ಇಲ್ಲ, ಇನ್ನು ನಿನಗೆ ನಮ್ಮನೆ ಪದ್ಧತಿನೇ, ಅಲ್ಲಿ ಮಿಡತೆ ಬೇಯಿಸಿದ್ರೆ ಮುಟ್ಬೇಡ ಮಗಳೇ, ನಮಗದು ಹರಿದಾಡೋ ಹುಳ ಅಷ್ಟೆ. ಅಪ್ಪ ಲೆಟ್ಯೂಸಿನ ಒಂದೊಂದೇ ಎಲೆ ಕಿಟಕಿಯ ಬೆಳಕಿಗೆ ಹಿಡಿದು ಹುಳ ಹುಡುಕುವವರು, ಮದುವೆಯಾದ ಹೊಸತರಲ್ಲಿ ಯೆಫೆತ್ ಪಕ್ಕ ನಿಂತು, ಮಾವ, ನಮ್ಮ ಹುಳಕ್ಕೆ ಕನ್ನಡಕ ಬೇಡ ನೋಡಿ, ತಾನೇ ಹಾರಿ ತಟ್ಟೆಗೆ ಬರುತ್ತೆ, ಅಂದಿದ್ದ, ಅಪ್ಪ ನಗಲಿಲ್ಲ, ಯೆಮೆನ್‌ನಲ್ಲಿ ನಿಮ್ಮಪ್ಪ ತಿಂದ್ರು, ಅವರಪ್ಪ ತಿಂದ್ರು, ಯಾವುದು ಸಲ್ಲುತ್ತೆ ಅಂತ ಗುರುತು ಹೇಳಿಕೊಟ್ರು, ನಮ್ಮವರು ಮಿಡತೆಯೇ ಬಾರದ ಹಿಮದ ಊರಲ್ಲಿ ಆ ಗುರುತೇ ಮರೆತ್ರಪ್ಪ, ನಮಗೆ ಸಲ್ಲಲ್ಲ. ನಿಮ್ಮ ಮಗಳು ಈಗ ನಮ್ಮನೆಯವಳು ಮಾವ, ಇವಳಿಗೆ ಸಲ್ಲುತ್ತೆ, ಅಂದಿದ್ದ, ಅವತ್ತೇ ಸಂಜೆ ಈ ಅಡುಗೆಮನೆಯಲ್ಲಿ, ನೋಡು, ಮೊಣಕಾಲು ಬೆನ್ನಿಗಿಂತ ಎತ್ತರ, ನೆಗೆಯೋ ಕಾಲಿದ್ರೆ ತಿನ್ನಬಹುದು ಅಂತ ಧರ್ಮಗ್ರಂಥ ತೋರಾನೇ ಹೇಳುತ್ತೆ, ಬಾಯಿ ತೆಗಿ, ನನಗೆ ಅದು ಸುಟ್ಟ ಕಾಳಿನ ರುಚಿ, ಇನ್ನೊಂದು ಕೇಳಿದ್ದೆ. ಈಗ ಅತ್ತೆ ಮೊದಲ ಒಬ್ಬೆಯನ್ನು ಒಲೆಯಲ್ಲಿ ಗರಿಗರಿ ಮಾಡಿ ತಟ್ಟೆಗೆ ಸುರಿದರು, ತಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಂಡರು, ನನ್ನ ಮುಂದೆ ಬೇಯಿಸಿದ ಮೊಟ್ಟೆ, ನಿಮ್ಮಪ್ಪ ನನಗೂ ಫೋನ್ ಮಾಡಿದ್ರು ಕಣ್ಣೇ, ನಿನ್ನ ಬಾಯಿಗೆ ನಾನು ಪಾಪ ಹಾಕಲ್ಲ, ಮೊಟ್ಟೆ ತಿನ್ನು, ಬಿಸಿ ಇದೆ — ಮುಖ ನೋಡದೆ ಹೇಳಿ ಒಲೆಯ ಕಡೆ ತಿರುಗಿದರು, ಎಷ್ಟು ಮೆತ್ತಗೆ ಹೇಳಿದರು, ಎಷ್ಟು ಮೆತ್ತಗೆ ಈ ಮನೆಯಿಂದ ಹೊರಗೆ ಇಟ್ಟರು, ಕೋಪ ಬರಬೇಕಿತ್ತು, ಬರಲಿಲ್ಲ, ಕೈ ಮಾತ್ರ ಹೋಯಿತು, ಒಂದನ್ನು ತೆಗೆದುಕೊಂಡೆ, ತಲೆ, ರೆಕ್ಕೆ, ಕಾಲು ಮುರಿದು ಅಂಚಿಗಿಟ್ಟೆ, ದನಿ ತೆಗೆದು ತಿನ್ನುವ ಮೊದಲಿನ ಸ್ತುತಿ ಹೇಳಿದೆ, ಯಾರ ಮಾತಿನಿಂದ ಎಲ್ಲವೂ ಆಯಿತೋ ಅವನಿಗೆ, ಸಲ್ಲದ ತಿನಿಸಿನ ಮೇಲೆ ಹೇಳಿದ ಸ್ತುತಿಗೆ ಯಾರೂ ಆಮೆನ್ ಅನ್ನುವಂತಿಲ್ಲ, ಅತ್ತೆಗೆ ಗೊತ್ತು, ಹೇಳಿದ ಮೇಲೆ ತಿನ್ನಲು ತಡಮಾಡುವಂತಿಲ್ಲ, ನನಗೆ ಗೊತ್ತು, ತಡಮಾಡುತ್ತಿದ್ದೇನೆ, ಅತ್ತೆಯ ಬೆನ್ನು, ನಿಂತುಹೋದ ಸೌಟು, ಕುದಿಯುವ ನೀರು, ಆಮೆನ್, ತೀರ ಸಣ್ಣಗೆ, ತಿರುಗದೆಯೇ, ಬಾಯಲ್ಲಿ ಉಪ್ಪು, ತಟ್ಟೆಯ ಅಂಚಿನಲ್ಲಿ ಮೊಣಕಾಲು, ಮಡಿಸಿದ್ದು, ಮಡಿಸಿದ ಮೊಣಕಾಲು